ಹತ್ತೊಂಬತ್ತನೇ ಹೆಸರಿಗೆ ಬಂದ ಉತ್ತರ

ವಿವರಣೆಗೆ ಸಿಗದ ಅನುಭವಗಳ ಇಂಥ ಬರಹಗಳನ್ನು ಓದುವಾಗೆಲ್ಲ ನಾನು ಮೊದಲು ಹುಡುಕುತ್ತಿದ್ದದ್ದು ಬರೆದವರು ಎಲ್ಲಿ ತಪ್ಪಿದ್ದಾರೆ ಎಂಬುದನ್ನು. ನಿದ್ದೆಗಣ್ಣಿತ್ತೇ, ಜ್ವರವಿತ್ತೇ, ಆಮೇಲೆ ನಾಲ್ಕು ಜನರಿಗೆ ಹೇಳುತ್ತ ಹೇಳುತ್ತ ಒಂದೆರಡು ಎಳೆ ತಾವಾಗಿ ಸೇರಿಕೊಂಡವೇ? ಬಹುತೇಕ ಏನಾದರೊಂದು ಸಿಗುತ್ತಿತ್ತು. ಮನಶ್ಶಾಸ್ತ್ರ ಓದಿದವಳಿಗೆ ಅದು ಕಷ್ಟದ ಕೆಲಸವಲ್ಲ. ಈಗ ನನ್ನದೇ ಒಂದು ಅನುಭವ ಬರೆಯುತ್ತಿದ್ದೇನೆ. ನೀವೂ ಹಾಗೆಯೇ ಹುಡುಕಿ. ನಾನು ಮೂರು ವರ್ಷ ಹುಡುಕಿದ್ದೇನೆ. ಅದು ರಾತ್ರಿಯಲ್ಲ, ನಾನು ಒಬ್ಬಳೇ ಇರಲೂ ಇಲ್ಲ. ಬೆಳಗಿನ ಒಂಬತ್ತರ ಹೊತ್ತು, ಎದುರಿಗೆ ಒಂದು ತರಗತಿ ತುಂಬ ಮಕ್ಕಳು.

ಶಿರಸಿ ಶೈಕ್ಷಣಿಕ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ ಮಕ್ಕಳ ಆರೋಗ್ಯ ನೋಡುವ, ಬೇಕಾದರೆ ಮನೆಯವರಿಗೂ ನೆರವಾಗುವ ಒಂದು ಸಣ್ಣ ತಂಡದಲ್ಲಿ ನಾನು ಆಪ್ತಸಮಾಲೋಚಕಿ. ನನ್ನ ಊರು ಬನವಾಸಿಯ ಪಕ್ಕ. ಕೆಲಸಕ್ಕಾಗಿ ಇಸಳೂರಿನ ಹೊಸ ಮನೆಯೊಂದರ ಮಹಡಿಯಲ್ಲಿ ಕೋಣೆ ಹಿಡಿದಿದ್ದೇನೆ. ಒಂದು ದಿನ ಸಿದ್ದಾಪುರದ ಕಡೆಯ ಶಾಲೆ, ಇನ್ನೊಂದು ದಿನ ಯಲ್ಲಾಪುರದ ಕಡೆಯದು. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಯಾರು ಏನು ಹೇಳಿದರೋ ಅದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು, ಪಕ್ಕದ ಕಾಲಂನಲ್ಲಿ ಮಾಹಿತಿ ನೀಡಿದವರ ಹೆಸರಿರಬೇಕು. ಈ ನಿಯಮ ನನಗೆ ಇಷ್ಟ. ಅನುಮಾನಕ್ಕೆ ಅದು ಜಾಗ ಬಿಡುವುದಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ಒಂದು ಹಳೆಯ ಪೆಚ್ಚುತನವನ್ನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉಮ್ಮಚಗಿಯ ಒಂದು ಮನೆಗೆ ವಿದ್ಯಾರ್ಥಿಯೊಬ್ಬಳ ತಾಯಿಯನ್ನು ಕಾಣಲು ಹೋಗಿದ್ದೆ. ಜಗುಲಿಯಲ್ಲಿ ಅಜ್ಜಿಯೊಬ್ಬರು ಕೂತಿದ್ದರು. "ಹುಡುಗಿ ತಾಯಿ ಅದಾರೇನ್ರಿ?" ಎಂದೆ. "ಇಲ್ಲೆ" ಎಂದರು. ಸರಿ, ಇಲ್ಲೇ ಇದ್ದಾರೆ, ಬರುತ್ತಾರೆ ಎಂದು ಕೂತೆ. ಅಜ್ಜಿ ನೀರು ಬೆಲ್ಲ ಕೊಟ್ಟರು, ನನ್ನ ಊರು ಕೇಳಿದರು, ಮದುವೆ ಆಯಿತೇ ಎಂದೂ ಕೇಳಿದರು. ಅರ್ಧ ಗಂಟೆಯಾದ ಮೇಲೆ ಅವರಿಗೂ ತಡೆಯಲಿಲ್ಲ.

"ಎಂತ ತಂಗಿ, ಕುಂತೇ ಬಿಟ್ಯಲೆ! ಅದು ಇಲ್ಲೆ ಹೇಳಿ ಆನು ಆಗ್ಲೇ ಹೇಳಿದ್ನಲೆ!"

"ಇಲ್ಲೇ ಅಂದ್ರಲ್ಲ ಅಜ್ಜಿ, ಅದಕ್ಕ ಕುಂತೀನಿ."

"ಇಲ್ಲೆ ಅಂದ್ರೆ ಇಲ್ಲೆನೇಯ!" ಎಂದು ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ತೋಟದ ಮನೆಗಳ ಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ. ನಮ್ಮ ಕಡೆ 'ಇಲ್ಲೇ' ಎಂದರೆ ಇದೇ ಜಾಗದಲ್ಲಿ. ಬಾಯಲ್ಲಿ ಕೇಳುವಾಗ ಎರಡಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಅಂದಿನಿಂದ ಆ ತಪ್ಪು ಮತ್ತೆ ಮಾಡಲಿಲ್ಲ. ಮಾಡುವುದಿಲ್ಲ ಎಂಬ ಜಂಬವೂ ಸ್ವಲ್ಪ ಇತ್ತು.

ಇನ್ನು ಆ ಶನಿವಾರ. ನಂದೊಳ್ಳಿಯಿಂದ ಇನ್ನಷ್ಟು ಒಳಗಿನ ಒಂದು ಪ್ರೌಢಶಾಲೆಯಲ್ಲಿ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದೆವು. ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಹೊಡೆದರೆ ಬಾಗಿಲು ತೆರೆಯುವುದು ಸೋಮವಾರವೇ. ಎರಡು ದಿನ ಮೊದಲು ಮಕ್ಕಳ ಕೈಯಲ್ಲಿ ಒಂದು ಫಾರಂ ಕಳಿಸಿದ್ದೆ, ತಂದೆತಾಯಿ ತುಂಬಿ ಕೊಡಲಿ ಎಂದು. ಅದರ ಐದನೇ ಪ್ರಶ್ನೆ: ನಿಮ್ಮ ಮಗುವಿಗೆ ಎಂದಾದರೂ ಫಿಟ್ಸ್ ಬಂದಿದೆಯೇ? ಆ ಫಾರಂ ತಯಾರಿಸಿದವಳು ನಾನೇ.

ಪಕ್ಕದ ಕೋಣೆಯಲ್ಲಿ ನಮ್ಮ ನರ್ಸ್ ಗಂಗಕ್ಕ ತೂಕದ ಯಂತ್ರ ಸರಿಮಾಡುತ್ತಿದ್ದರು. ನಾನು ಒಂಬತ್ತನೇ ತರಗತಿಯಲ್ಲಿ ಮೇಜಿನ ಮೇಲೆ ಪಟ್ಟಿ ಇಟ್ಟುಕೊಂಡು ಹೆಸರು ಕೂಗತೊಡಗಿದೆ. ಕೂಗಿದವರು ಎದ್ದು ಬಂದು ಫಾರಂ ಕೊಡುತ್ತಿದ್ದರು. ಹತ್ತೊಂಬತ್ತನೇ ಹೆಸರು ಚೈತ್ರಾ. ಇದು ಅವಳ ನಿಜವಾದ ಹೆಸರಲ್ಲ. ಉಳಿದದ್ದೆಲ್ಲ ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಹೆಸರು ಕೂಗಿದೆ. "ಇಲ್ಲೆ" ಎಂದು ಉತ್ತರ ಬಂತು. ನಾನು ತಲೆ ಎತ್ತಲಿಲ್ಲ. ಹೆಂಗಸಿನ ದನಿ. ಜೋರಾಗಿರಲಿಲ್ಲ, ಪಿಸುಮಾತೂ ಆಗಿರಲಿಲ್ಲ. ನೂರು ಸಲ ಹೇಳಿದ್ದನ್ನೇ ಇನ್ನೊಮ್ಮೆ ಹೇಳುವವರಿಗೆ ಇರುತ್ತದಲ್ಲ, ಅಂಥ ಸಣ್ಣ ಬೇಸರ ಅದರಲ್ಲಿತ್ತು. ಬಾಗಿಲಲ್ಲಿ ಯಾರೋ ಶಿಕ್ಷಕಿ ನಿಂತಿರಬೇಕು ಎಂದುಕೊಂಡೆ. ಹೆಸರಿನ ಮುಂದೆ "ಇಲ್ಲೆ. ಗೈರು" ಎಂದು ಬರೆದು ಇಪ್ಪತ್ತನೆಯ ಹೆಸರಿಗೆ ಹೋದೆ.

ಗಂಟೆ ಹೊಡೆದು ಮಕ್ಕಳು ಮನೆಗೆ ಓಡಿದ ಮೇಲೆ ಮುಖ್ಯ ಶಿಕ್ಷಕಿ ನಮಗೆ ಚಹಾ ಕೊಟ್ಟರು. ಅವರು ಕುಮಟಾ ಕಡೆಯವರು, ಮಾತಿಗೆ ಖುಷಿಯ ಹೆಂಗಸು. ನನಗೆ ಹರಟೆ ಅಷ್ಟಾಗಿ ಬರುವುದಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಉಮ್ಮಚಗಿಯ ಅಜ್ಜಿಯ ಕಥೆ ಹೇಳಿದೆ.

"ಈಗ ನೋಡ್ರಿ, ನಾ ಪೂರಾ ಈ ಕಡೆಯಾಕಿ ಆಗೀನಿ. ಇವತ್ತ ಒಂಬತ್ತನೇ ಕ್ಲಾಸಿನ್ಯಾಗ ಇಲ್ಲೆ ಅಂದ ಕೂಡ್ಲೇ ಗೈರು ಅಂತ ಬರದೆ."

ಮುಖ್ಯ ಶಿಕ್ಷಕಿ ನಕ್ಕರು. "ಯಾರು ಅಂದದ್ದು? ಆ ಕ್ಲಾಸಲ್ಲಿ ಆ ಮಾತಿನ ಮಗು ಒಂದೂ ಇಲ್ಲ ಮೇಡಂ. ಆ ಮನೆ ಮಕ್ಕಳೆಲ್ಲ ವ್ಯಾನ್ ಹತ್ತಿ ಪೇಟೆ ಶಾಲೆಗೆ ಹೋಗ್ತಾರೆ."

"ಟೀಚರ್ ಯಾರಾದ್ರೂ?"

"ನಮ್ಮಲ್ಲಿ ಯಾರೂ ಇಲ್ಲಪ್ಪ."

"ಮಕ್ಕಳ ಕಿವಿ ನೋಡೂಕಿಂತ ಮೊದ್ಲು ಇವರ ಕಿವಿ ನೋಡ್ಬೇಕಿತ್ತು ಕಾಣ್ತದೆ" ಎಂದರು ಗಂಗಕ್ಕ.

ನಾನೂ ನಕ್ಕೆ. ನಗುತ್ತಲೇ ಒಂದು ಸಣ್ಣ ಲೆಕ್ಕ ತಪ್ಪಿದ್ದು ಹೊಳೆಯಿತು. ಆ ಮಾತು ಆಡುವವರೇ ಈ ಕಟ್ಟಡದಲ್ಲಿ ಇಲ್ಲವೆಂದರೆ ನಾನು ಕೇಳಿದ್ದು ಆ ಶಬ್ದವಲ್ಲ. ಚೈತ್ರಾ ಎಲ್ಲಿ ಎಂದು ನಮ್ಮ ಊರಲ್ಲಿ ಕೇಳಿದ್ದರೆ ನಮ್ಮವ್ವ ಏನೆನ್ನುತ್ತಿದ್ದಳು? ಇಲ್ಲೇ.

ಲೋಟ ಕೆಳಗಿಟ್ಟೆ. "ಚೈತ್ರಾ ಇಲ್ಲೇ ಎಲ್ಲೋ ಇರಬೇಕು. ಎಲ್ಲ ಕೋಣೆ ಒಮ್ಮೆ ನೋಡೋಣ" ಎಂದೆ. ಮುಖ್ಯ ಶಿಕ್ಷಕಿಗೆ ಆಶ್ಚರ್ಯವಾಯಿತು. "ಅವಳು ಬೆಳಿಗ್ಗೆ ಪ್ರಾರ್ಥನೆಗೂ ಬಂದಿಲ್ಲ ಮೇಡಂ." ಗಂಗಕ್ಕ ಆಗಲೇ ಎದ್ದಿದ್ದರು. "ನೋಡಿ ಬಂದ್ರೆ ಎಂತ ಹೋಗ್ತದೆ? ಕಾಲು ಸವೀತದಾ?"

ರಂಗಮಂಟಪದ ಹಿಂದಿನ ಆಟದ ಸಾಮಾನಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದೆವು. ಮಡಚಿಟ್ಟ ಚಾಪೆಗಳಿಗೂ ಗೋಡೆಗೂ ನಡುವೆ ಹುಡುಗಿ ಬಿದ್ದಿದ್ದಳು. ಬಾಯಲ್ಲಿ ನೊರೆ ಒಣಗಿತ್ತು. ನಾವು ನೋಡುತ್ತಿದ್ದಂತೆ ಕೈಕಾಲು ಮತ್ತೆ ಸೆಟೆಯಿತು. ಗಂಗಕ್ಕ ಅವಳನ್ನು ಮಗ್ಗುಲಿಗೆ ತಿರುಗಿಸಿ ಕಾಲರ್ ಸಡಿಲಿಸಿದರು. ಮುಖ್ಯ ಶಿಕ್ಷಕಿ ಗಾಬರಿಯಲ್ಲಿ, ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂಬ ಹಳೆಯ ರೂಢಿಯಂತೆ, ತಮ್ಮ ಕೀಲಿಕೈ ಗೊಂಚಲನ್ನು ಅವಳ ಅಂಗೈಗೆ ತುರುಕಲು ಹೋದರು. "ಅಕ್ಕೋರೇ, ಕೀಲಿ ಅವಳ ಕೈಗಲ್ಲ, ಕಾರಿಗೆ ಹಾಕಿ!" ಎಂದು ಗಂಗಕ್ಕ ಕೂಗಿದರು. ಅದೇ ಕಾರಿನಲ್ಲಿ ಯಲ್ಲಾಪುರದ ಆಸ್ಪತ್ರೆ ಮುಟ್ಟಿದೆವು. ಒಂದರ ಹಿಂದೊಂದು ಬಂದಿವೆ ಎಂದರು ವೈದ್ಯರು. ಇನ್ನು ಒಂದೆರಡು ತಾಸು ಹೋಗಿದ್ದರೆ ಎಂದು ಶುರುಮಾಡಿ ಮಾತು ನಿಲ್ಲಿಸಿದರು. ನಮಗೆ ಉಳಿದದ್ದು ಬೇಕಿರಲಿಲ್ಲ.

ಆಗಿದ್ದಿಷ್ಟು. ಚೈತ್ರಾಗೆ ಚಿಕ್ಕಂದಿನಿಂದ ಫಿಟ್ಸ್ ಇತ್ತು, ಊರಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗಂಡು ನೋಡುತ್ತಿದ್ದರು. ಗುಳಿಗೆ ಮುಗಿದು ನಾಲ್ಕು ದಿನವಾಗಿತ್ತು. ಯಲ್ಲಾಪುರದ ಅಂಗಡಿಯಲ್ಲಿ ಕೇಳಿದರೆ ಗುರುತಿನವರು ನೋಡುತ್ತಾರೆಂದು ತಾಯಿ ಹುಬ್ಬಳ್ಳಿಗೆ ಹೋಗುವವರನ್ನು ಕಾಯುತ್ತಿದ್ದರು. ನನ್ನ ಫಾರಂನ ಐದನೇ ಪ್ರಶ್ನೆಗೆ 'ಇಲ್ಲ' ಎಂದು ಬರೆಸಿಕೊಂಡು ಬಂದ ಹುಡುಗಿಗೆ ನನ್ನ ಎದುರು ನಿಂತು ಅದೇ ಸುಳ್ಳನ್ನು ಬಾಯಲ್ಲಿ ಹೇಳಲು ಭಯವಾಗಿ, ಪ್ರಾರ್ಥನೆಗೆ ಮುಂಚೆಯೇ ಆ ಕೋಣೆ ಸೇರಿದ್ದಳು. ಯಾರೋ ದಾಟಿಹೋಗುವಾಗ, ಒಳಗೆ ಮಗುವಿದೆ ಎಂದು ತಿಳಿಯದೆ, ಚಿಲಕ ಹಾಕಿದರು. ಚಿಲಕ ಬಿದ್ದ ಸದ್ದು ಅವಳಿಗೆ ನೆನಪಿದೆ. ಅದರಾಚೆಗೆ ನೆನಪಿರುವುದು ಆಸ್ಪತ್ರೆಯ ಫ್ಯಾನು.

ಸೋಮವಾರ ಮತ್ತೆ ಆ ತರಗತಿಗೆ ಹೋದೆ. ಶನಿವಾರ ಚೈತ್ರಾಳ ಹೆಸರು ಕೂಗಿದಾಗ ಉತ್ತರ ಕೊಟ್ಟವರು ಯಾರು ಎಂದು ಕೇಳಿದೆ. ಮಕ್ಕಳು ಮುಖಮುಖ ನೋಡಿಕೊಂಡರು.

"ಯಾರೂ ಕೊಟ್ಟಿಲ್ಲ ಮೇಡಂ" ಎಂದಳು ಅವಳ ಬೆಂಚಿನ ಗೆಳತಿ. "ಆಬ್ಸೆಂಟ್ ಅಂತ ಹೇಳೂಕೆ ನಾನು ಬಾಯಿ ತೆಗ್ದೆ. ಅಷ್ಟೊತ್ತಿಗೆ ನೀವು ಬರ್ದಾಗಿತ್ತು."

ಹಿಂದಿನ ಬೆಂಚಿನಿಂದ ಇನ್ನೊಬ್ಬಳು ನಗು ತಡೆದುಕೊಂಡು ಹೇಳಿದಳು: "ನೀವು 'ಹೌದಾ' ಅಂದ್ರಿ ಮೇಡಂ. ಯಾರಿಗಂದ್ರು ಅಂತ ನಾವು ಆಮೇಲೆ ಭಾರಿ ನೆಗಾಡಿದ್ವಿ."

ನಾನು 'ಹೌದಾ' ಎಂದದ್ದು ನನಗೆ ನೆನಪಿರಲಿಲ್ಲ. ಬಾಗಿಲ ಬಳಿ ನಿಂತು ನೋಡಿದೆ. ಆಟದ ಸಾಮಾನಿನ ಕೋಣೆ ಮೈದಾನದ ಆಚೆ ಬದಿಯಲ್ಲಿದೆ, ಅಲ್ಲಿ ಕೂಗಿದ್ದು ಇಲ್ಲಿಗೆ ಕೇಳುವುದಿಲ್ಲ. ಗಂಗಕ್ಕನನ್ನು ಅಲ್ಲಿ ನಿಲ್ಲಿಸಿ ಕೂಗಿಸಿಯೂ ನೋಡಿದೆ. ಬಿಸಿಯೂಟದ ಅಡುಗೆಯ ಇಬ್ಬರನ್ನೂ ಮಾತಾಡಿಸಿದೆ. ಅವರಿಬ್ಬರೂ ಒಂಬತ್ತರ ಹೊತ್ತಿಗೆ ಬಂದೇ ಇರಲಿಲ್ಲ. ಶ್ರವಣಭ್ರಮೆಯ ಬಗ್ಗೆ ಪರೀಕ್ಷೆಗೆ ಹತ್ತು ಪುಟ ಬರೆದವಳು ನಾನು. ಅದಕ್ಕೆ ಮೊದಲು ಅಂಥದ್ದು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಭ್ರಮೆಯೇ ಎಂದು ಒಪ್ಪೋಣ. ನಾನು ಕಂಡೇ ಇರದ ಹುಡುಗಿ ಎಲ್ಲಿದ್ದಾಳೆಂದು ಆ ಭ್ರಮೆಗೆ ಹೇಗೆ ಗೊತ್ತು?

ಈ ಪ್ರಶ್ನೆ ನನಗಿಂತ ಚೈತ್ರಾಳ ತಾಯಿಯನ್ನು ಹೆಚ್ಚು ಕಾಡಿತು. ಮನೆಗೆ ಹೋದ ಮೊದಲ ದಿನವೇ ಅವರು ನನ್ನನ್ನು ಅಂಗಳದಲ್ಲಿ ತಡೆದರು. "ಯಾರು ನಿಮಗೆ ಹೇಳ್ದೋರು? ಹೆಸ್ರು ಹೇಳಿ. ನಾ ಜಗಳಕ್ಕೆ ಹೋಗೂದಿಲ್ಲ. ಊರಲ್ಲಿ ಯಾರಿಗೆ ಗೊತ್ತಾಗಿದೆ ಅಂತ ನಂಗೆ ತಿಳೀಬೇಕು, ಅಷ್ಟೇ." ಯಾರೂ ಹೇಳಲಿಲ್ಲ ಎಂದೆ. ಅವರು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ. ನಾಲ್ಕನೇ ಭೇಟಿಯ ಹೊತ್ತಿಗೆ ಗುಳಿಗೆ ಯಲ್ಲಾಪುರದಿಂದಲೇ ಬರುತ್ತಿತ್ತು. ಐದನೇ ಪ್ರಶ್ನೆಯ 'ಇಲ್ಲ'ವನ್ನು ಹೊಡೆದುಹಾಕಿ ಅವರೇ ತಮ್ಮ ಕೈಯಿಂದ 'ಹೌದು' ಎಂದು ಬರೆದರು. ಅಕ್ಕನಿಗೆ ನೋಡಿದ ಒಂದು ಸಂಬಂಧ ತಪ್ಪಿತು, ಇನ್ನೊಂದು ಕೂಡಿತು. ಚೈತ್ರಾ ಈಗ ದ್ವಿತೀಯ ಪಿಯುಸಿ.

ಆ ನಾಲ್ಕನೇ ಭೇಟಿಯಲ್ಲಿ, ಹೊರಟಾಗ, ತಾಯಿ ಒಳಗಿನಿಂದ ಒಂದು ಸುಲಿದ ತೆಂಗಿನಕಾಯಿ ತಂದು ನನ್ನ ಕೈಯಲ್ಲಿಟ್ಟರು. ನಾವು ಯಾವ ಮನೆಯಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ ಎಂದೆ.

"ನಿಮಗಲ್ಲ. ಆವತ್ತು ಹೇಳ್ದೋರಿಗೆ" ಎಂದರು. "ಹೆಸ್ರು ಹೇಳೂದು ಬ್ಯಾಡ. ಮುಟ್ಟಿಸಿ, ಸಾಕು."

ಹಿಂದಕ್ಕೆ ಕೊಡಲು ನನ್ನಿಂದ ಆಗಲಿಲ್ಲ.

ಆ ವರ್ಷದ ಕಡತದಲ್ಲಿ ಮಾಹಿತಿ ನೀಡಿದವರ ಕಾಲಂ ಖಾಲಿ ಉಳಿದದ್ದು ಒಂದೇ ಕಡೆ. ಕಾಯಿ ಇಸಳೂರಿನ ನನ್ನ ಕೋಣೆಯಲ್ಲಿ, ಪುಸ್ತಕಗಳ ಪಕ್ಕದಲ್ಲಿದೆ. ನೀರೆಲ್ಲ ಆರಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಕಡಕಡ ಎನ್ನುತ್ತದೆ. ಕಳೆದ ವಾರ ಮನೆಯ ಒಡತಿ ಮೇಲೆ ಬಂದವರು ಅದನ್ನು ಎತ್ತಿ ನೋಡಿ, "ಒಡೀಬಾರದಾ ತಂಗಿ, ಸುಮ್ನೆ ಹಾಳಾಗ್ತದೆ" ಎಂದರು.

"ಅದು ನನ್ನದಲ್ಲ" ಎಂದೆ.

"ಮತ್ತೆ ಯಾರದ್ದು?"

ನಾನು ಬೇರೆ ಮಾತು ತೆಗೆದೆ. ಗೊತ್ತಿದ್ದರೆ ಎಂದೋ ಮುಟ್ಟಿಸುತ್ತಿದ್ದೆ.