ಹೊಗೆ ಕಪ್ಪಾದ ಮೇಲೆ ಓದಿದ ಎರಡು ಸಾಲು

ಹೊಗೆ ಮೊದಲು ಬೆಳ್ಳಗಿತ್ತು. ಖಚಿತವಾಗಿ ನನಗೆ ಗೊತ್ತಿರುವುದು ಅಷ್ಟೇ. ಅದು ಕಪ್ಪಾದದ್ದು ಯಾವಾಗ, ಮೊದಲು ಕೂಗಿದವರು ಯಾರು, ಆಗ ನಾನು ಟ್ರ್ಯಾಕ್ಟರಿನ ಎಡಗಡೆ ಇದ್ದೆನೋ ಬಲಗಡೆಯೋ, ಇದನ್ನೆಲ್ಲ ಕೇಳಿದವರಿಗೆ ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದೇನೆ. ಸುಳ್ಳು ಹೇಳಬೇಕೆಂದಲ್ಲ. ಪ್ರತಿ ಸಲವೂ ಹಾಗೆಯೇ ನಡೆದಂತೆ ಕಾಣುತ್ತದೆ.

ದಟ್ಟಗಳ್ಳಿಯ ನಮ್ಮ ಬಡಾವಣೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಸ್ತಬ್ಧಚಿತ್ರ ಮಾಡಿ ಬೀದಿ ಸುತ್ತಿಸುವುದು ರೂಢಿ. ಈ ಸಲ ಸಂಘದ ಅಧ್ಯಕ್ಷರು ನನ್ನನ್ನು ಹಿಡಿದರು. ಎಪ್ಪತ್ತು ದಾಟಿದ ಅವರನ್ನು ನಾವೆಲ್ಲ ಯಜಮಾನರು ಎಂದೇ ಕರೆಯುವುದು.

"ಹಿಸ್ಟ್ರಿ ಎಂ.ಎ. ಮಾಡಿ ವಿಮೆ ಆಫೀಸಲ್ಲಿ ಫಾರಂ ತುಂಬ್ತಾ ಕೂತಿದ್ದೀರಿ. ಓದಿದ್ದು ಒಂದ್ಸಲನಾದ್ರೂ ಕೆಲ್ಸಕ್ಕೆ ಬರ್ಲಿ ಕಣ್ರೀ. ದೇಶ ಅಂದ್ರೆ ಎಂಗಿರ್ತಾಳೆ ಅಂತ ಬರ್ಕೊಡಿ."

ಹುಮ್ಮಸ್ಸಿನಿಂದ ಬರೆದೆ. ಕಿರೀಟ ಬೇಡ, ಸಿಂಹ ಬೇಡ. ದೇಶ ಒಬ್ಬ ಹೆಂಗಸಾದರೆ, ಅವಳಿಗೆ ಆದದ್ದೆಲ್ಲ ಅವಳ ಸ್ವಭಾವವೂ ಆಗಿರಬೇಕಲ್ಲವೇ? ಬೇರೆಯವರು ಬಂದು ಮನೆಯಾಳಿದ್ದನ್ನು ಕಂಡವಳು, ಹಾಗಾಗಿ ಯಾರಾದರೂ ಬಾಗಿಲು ಬಡಿದರೆ ಇನ್ನೂ ಬೆಚ್ಚುತ್ತಾಳೆ. ಬರಗಾಲ ಮರೆತಿಲ್ಲ, ಮನೆ ತುಂಬ ಅಕ್ಕಿ ಇದ್ದರೂ ಡಬ್ಬದ ತಳ ಮುಟ್ಟಿ ನೋಡುತ್ತಾಳೆ. ಮನೆ ಪಾಲಾದ ದಿನದ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಕೆಲವರು ಕುಡಿದ ಲೋಟವನ್ನು ಬೇರೆ ಇಡುತ್ತಾಳೆ, ಕೇಳಿದರೆ ಇಲ್ಲವೆನ್ನುತ್ತಾಳೆ.

"ಲೋಟದ್ದು ಬ್ಯಾಡ ಬುಡಿ, ಹಬ್ಬದ ದಿನ" ಎಂದು ಯಜಮಾನರು ಆ ಸಾಲು ಹೊಡೆದುಹಾಕಿದರು. ಕೊನೆಯ ಎರಡು ಸಾಲು ಮಾತ್ರ ಅವರಿಗೆ ಬಹಳ ಹಿಡಿಸಿತು: "ಇವಳು ಎಲ್ಲವನ್ನೂ ತಾಳಿಕೊಂಡಳು. ಸುತ್ತ ಏನೇ ಆಗಲಿ, ನಿಂತ ಜಾಗದಿಂದ ಕದಲಲಿಲ್ಲ."

ಕದಲದೆ ನಿಲ್ಲಬಲ್ಲವರು ಬೇಕಾಗಿತ್ತು. ಹಿಂದಿನ ರಸ್ತೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ, ಎಲ್ಲರ ಬಾಯಲ್ಲೂ ಸಿಸ್ಟರ್. ತಲೆಮಾರುಗಳಿಂದ ಇದೇ ಊರಿನ ಕ್ರೈಸ್ತ ಮನೆತನ. ವಯಸ್ಸಿನಲ್ಲಿದ್ದಾಗ ಅವರು ಚರ್ಚಿನ ಕ್ರಿಸ್ಮಸ್ ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದಲ್ಲಿ, ಬೊಂಬೆಗಳ ಬದಲು ಮನುಷ್ಯರೇ ನಿಲ್ಲುತ್ತಿದ್ದಾಗ ಮಾತೆ ಮರಿಯಳಾಗಿ ನಿಂತವರು.

"ಮರಿಯಮ್ಮನ್ನ ತಂದು ಭಾರತಮಾತೆ ಮಾಡ್ಬುಟ್ವಲ್ಲ ಸಿಸ್ಟರ್" ಎಂದರು ಯಜಮಾನರು.

"ಇದು ಪ್ರಮೋಷನ್ನೋ ಟ್ರಾನ್ಸ್‌ಫರ್ರೋ, ಆರ್ಡರಲ್ಲಿ ಬರೆದು ಕೊಡಿ ಯಜಮಾನ್ರೇ" ಎಂದು ಸಿಸ್ಟರ್ ನಕ್ಕರು. ಆಮೇಲೆ ನನಗೆ ಗುಟ್ಟು ಹೇಳಿದರು. "ಕಣ್ಣು ಒಂದೇ ಕಡೆ ನೆಡ್ಬೇಕು ಸಾರ್. ಗೋದಲೀಲಿ ನಾನು ದನದ ಕೊಂಬು ನೋಡ್ತಾ ಇದ್ದೆ. ಇಲ್ಲಿ ನಿಮ್ಮನ್ನೇ ನೋಡ್ತೀನಿ."

ಟ್ರೇಲರ್ ಕುಲುಕುವಾಗ ಬೀಳಬಾರದೆಂದು ಒಂದು ಕಬ್ಬಿಣದ ಪೈಪಿಗೆ ಅವರನ್ನು ಕಟ್ಟಬೇಕಾಯಿತು. ಯಜಮಾನರ ಊರಿನ ಮಠದಲ್ಲಿ ಉತ್ಸವಮೂರ್ತಿಯನ್ನು ಪಲ್ಲಕ್ಕಿಗೆ ನವಾರಿನಿಂದ ಬಿಗಿದು, ಮೇಲೆ ಹೂವು ಮುಚ್ಚುತ್ತಾರಂತೆ. ಆ ಗಂಟನ್ನು ನನಗೆ ಕಲಿಸಿದರು. "ಹಿಂದಕ್ಕೆ ಬರ್ಬೇಕು, ಕಾಣ್ಬಾರ್ದು. ಎಳ್ದಷ್ಟೂ ಬಿಗೀಬೇಕು." ಮಂಚಕ್ಕೆ ಹೆಣೆಯುವ ಆ ಅಗಲದ ಪಟ್ಟಿಯನ್ನು ಸಿಸ್ಟರ್ ಸೊಂಟಕ್ಕೆ ಸುತ್ತಿ, ಪೈಪಿನ ಹಿಂದೆ ಗಂಟು ಹಾಕಿದವನು ನಾನು. ಅದರ ಮೇಲೆ ಅವರ ಸೆರಗು. ಹಿಂದುಗಡೆ, ಮಂಡಿ ಮೊಹಲ್ಲಾದಿಂದ ತಂದ ಥರ್ಮಾಕೋಲಿನಲ್ಲಿ ಕತ್ತರಿಸಿದ ಹಿಮಾಲಯ. ಹಿಮಾಲಯದ ಹಿಂದೆ ಮೋಡದ ಹಾಗೆ ಏಳಲೆಂದು ಒಂದು ಬೋಗುಣಿ ಕೆಂಡ, ಮೇಲೆ ಸಾಂಬ್ರಾಣಿ. ಮೂರ್ತಿ ಸಾಂಬ್ರಾಣಿಗೆ ಕೆಮ್ಮುವುದಿಲ್ಲ, ಬಿಚ್ಚಿಬಿಡಿ ಎನ್ನುವುದಿಲ್ಲ. ಸಿಸ್ಟರ್ ಮನುಷ್ಯರು ಎನ್ನುವುದು ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ಹೂಟಗಳ್ಳಿಯಿಂದ ಬಂದಿದ್ದ ಟ್ರ್ಯಾಕ್ಟರ್ ಪಾರ್ಕಿನ ಮುಂದಿನ ಹಂಪ್ ಹತ್ತಿ ಇಳಿಯಿತು. ಬೋಗುಣಿ ಮಗುಚಿದ್ದು ಅಲ್ಲೇ ಇರಬೇಕು. ನಾನು ಮೈಕ್ ಹಿಡಿದು ಪಕ್ಕದಲ್ಲಿ ನಡೆಯುತ್ತ ಓದುತ್ತಿದ್ದೆ. ಹೊಗೆ ಹೆಚ್ಚಾಯಿತು. ಜನ ಚಪ್ಪಾಳೆ ತಟ್ಟಿದರು. ಹೊಗೆ ಕಪ್ಪಾಯಿತು. ಇನ್ನೂ ಜೋರಾಗಿ ತಟ್ಟಿದರು. ಸಿಸ್ಟರ್ ಹಾಗೆಯೇ ನಿಂತಿದ್ದರು, ರೆಪ್ಪೆ ಬಡಿಯದೆ. ಆಮೇಲೆ ಹಿಮಾಲಯ ಕರಗಿ ತೊಟ್ಟಿಕ್ಕತೊಡಗಿತು.

ಮುಂದಿನದು ತುಂಡುತುಂಡಾಗಿ ಬರುತ್ತದೆ. ಬಾಳೆಕಂಬ ಕಡಿದಿದ್ದ ಮಚ್ಚು ಹಿಡಿದು, ನೋವಿನ ಮಂಡಿ ಊರಿ ಟ್ರೇಲರ್ ಹತ್ತುತ್ತಿರುವ ಯಜಮಾನರು. "ಬಿಚ್ರೀ, ಗಂಟು ಬಿಚ್ರೀ" ಎಂದು ನನಗೆ ಹೇಳುತ್ತಿರುವ ಯಾರದೋ ದನಿ. ಗಂಟು ಇದ್ದ ಜಾಗದಲ್ಲೇ ಬೆಂಕಿ. ಕೊನೆಗೆ ಪಟ್ಟಿಯನ್ನು ಮಚ್ಚಿನಿಂದ ಕೊಯ್ದರು. ಸಿಸ್ಟರ್ ಕೆಳಗೆ ಬಿದ್ದಾಗ ಸೀರೆಯ ಅಂಚು ಇನ್ನೂ ಹೊಗೆಯಾಡುತ್ತಿತ್ತು. ಬೆನ್ನೂ ಎಡಗಾಲಿನ ಮೀನಖಂಡವೂ ಸುಟ್ಟಿದ್ದವು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ, ಯಾಕೆ ಕೂಗಲಿಲ್ಲ ಎಂದು ಯಜಮಾನರು ಅಳುತ್ತ ಕೇಳಿದರು. "ಸಾರ್ ಓದ್ತಾ ಇದ್ರಲ್ಲ, ಮುಗೀಲಿ ಅಂತ ನಿಂತ್ಕಬುಟ್ಟೆ" ಎಂದರು ಸಿಸ್ಟರ್.

ಆ ಮಾತಿನ ಜೊತೆ ಹೇಗೋ ಬದುಕಬಹುದಿತ್ತು. ಆದರೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ವಿಡಿಯೋ ಹಾಕಿದರು. ಅದರಲ್ಲಿ ನಾನು ಕತ್ತೆತ್ತಿ ಕಪ್ಪು ಹೊಗೆಯನ್ನು ನೋಡುತ್ತೇನೆ, ಸರಿಯಾಗಿಯೇ ನೋಡುತ್ತೇನೆ. ಆಮೇಲೆ ತಲೆ ತಗ್ಗಿಸಿ ಕೊನೆಯ ಎರಡು ಸಾಲು ಓದುತ್ತೇನೆ. ದನಿ ನಡುಗಿಲ್ಲ. "ಕದಲಲಿಲ್ಲ" ಎಂಬಲ್ಲಿ ಸ್ವಲ್ಪ ಎಳೆದಿದ್ದೇನೆ ಕೂಡ.

ಹಲ್ಲುಜ್ಜುವಾಗ, ಆಫೀಸಿನಲ್ಲಿ ಸಹಿ ಮಾಡುವಾಗ, ಆ ತಲೆ ತಗ್ಗುವ ಕ್ಷಣ ಮತ್ತೆ ಬರುತ್ತದೆ. ಹೆದರಿಕೆಯೋ? ಬರೆದದ್ದನ್ನು ಮುಗಿಸುವ ಆಸೆಯೋ? ಅಥವಾ ಅವಳು ತಾಳಿಕೊಳ್ಳುತ್ತಾಳೆ ಎಂದು ನಾನೇ ಬರೆದು ನಾನೇ ನಂಬಿಬಿಟ್ಟಿದ್ದೆನೋ? ದೇಶ ಎಂದರೆ ಯಾರು ಎಂದು ಆಗ ಒಂದು ಪುಟ ಬರೆದವನಿಗೆ ಈಗ, ಟ್ರೇಲರಿನ ಮೇಲೆ ನಿಂತವರೋ, ಕೆಳಗೆ ಚಪ್ಪಾಳೆ ತಟ್ಟಿದವರೋ, ಮಚ್ಚು ಹಿಡಿದು ಹತ್ತಿದವರೋ, ಓದುತ್ತಲೇ ಇದ್ದವನೋ, ಏನೂ ತಿಳಿಯುವುದಿಲ್ಲ.

ಸಿಸ್ಟರಿಗೆ ಹೇಳಲೇಬೇಕಿತ್ತು. ಗಾಯ ಒಣಗುತ್ತ ಬಂದ ಮೇಲೆ ಒಂದು ಭಾನುವಾರ ಹೋದೆ. ಕಾಲನ್ನು ಸ್ಟೂಲಿನ ಮೇಲಿಟ್ಟು, ತಮ್ಮ ಬ್ಯಾಂಡೇಜು ತಾವೇ ಬದಲಿಸಿಕೊಳ್ಳುತ್ತಿದ್ದರು. ಕಾಫಿ ತಂದಿಟ್ಟದ್ದು ಅವರ ತಂಗಿ.

"ಸಿಸ್ಟರ್, ಹೊಗೆ ಕಪ್ಪಾದದ್ದನ್ನು ನಾನು ನೋಡಿದ್ದೆ. ನೋಡಿದ ಮೇಲೂ ಓದಿದೆ."

"ಗೊತ್ತು ಸಾರ್" ಎಂದರು, ಬ್ಯಾಂಡೇಜಿನಿಂದ ಕಣ್ಣು ತೆಗೆಯದೆ. "ನಾನು ನಿಮ್ಮನ್ನೇ ನೋಡ್ತಾ ಇದ್ನಲ್ಲ."

ಆಮೇಲೆ ಅವರೇ ಕೇಳಿದರು. "ಆ ಕಾಗದ ಇದ್ಯಾ? ಕೊನೇದು ಓದಿ ನೋಡೋಣ. ಅವತ್ತು ಸರಿಯಾಗಿ ಕೇಳ್ಲಿಲ್ಲ."

ಕಾಗದ ಜೇಬಿನಲ್ಲೇ ಇತ್ತು. ಓದಿದೆ. ಈ ಸಲ ದನಿ ನಡುಗಿತು.

"ಕದಲಲಿಲ್ಲ ಅನ್ನೋದು ತಪ್ಪು" ಎಂದರು ಸಿಸ್ಟರ್. "ಕದಲೋಕೆ ಆಗ್ಲಿಲ್ಲ. ನೀವು ಕಟ್ಟಿದ್ರಲ್ಲ."

"ಆದರೆ ಆಟೋದಲ್ಲಿ ನೀವು..."

"ಯಜಮಾನ್ರು ಅಳ್ತಾ ಇದ್ರು. ಇನ್ನೇನ್ ಹೇಳ್ಲಿ?" ಬ್ಯಾಂಡೇಜಿನ ತುದಿ ಸಿಕ್ಕಿಸುತ್ತ, "ಅದೂ ನಿಜಾನೇ ಇರ್ಬೋದು. ನಂಗೂ ಸರಿಯಾಗಿ ಗೊತ್ತಿಲ್ಲ ಕಣ್ರೀ" ಎಂದು ದಿಂಬಿನ ಪಕ್ಕದ ಪೆನ್ನು ಕೊಟ್ಟರು.

ಆ ಸಾಲು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ನನ್ನ ಕೇಳಿದ್ರೆ? ಹಿಸ್ಟ್ರಿ ಓದಿರೋರು ನೀವು" ಎಂದು ಕಾಲನ್ನು ಮೆಲ್ಲಗೆ ಕೆಳಗಿಳಿಸಿದರು. "ಜನವರಿ ಇಪ್ಪತ್ತಾರಕ್ಕೆ ಮತ್ತೆ ಮಾಡ್ತಾರಂತೆ. ನಾನು ಬರ್ತೀನಿ ಅಂತ ಹೇಳಿದ್ದೀನಿ, ನಡ್ಕೊಂಡು. ನೀವು ಪಕ್ಕದಲ್ಲೇ ಬನ್ನಿ. ಕೈಲಿ ಕಾಗದ ಬೇಡ. ಕಾಫಿ ಆರೋಯ್ತು, ಮೊದ್ಲು ಕುಡೀರಿ."