ಬೆಚ್ಚಗಿರಬೇಕಾದ ಮಿಷಿನ್ನು

ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಪುರಸಭೆಯಲ್ಲಿ ಒಬ್ಬ ಸಾಹೇಬರಿದ್ದರು; ನಮ್ಮ ಬೀದಿಗೆ ಬಂದರೆ ಮೊದಲು ಮನುಷ್ಯರನ್ನು ಮಾತಾಡಿಸುತ್ತಿರಲಿಲ್ಲ. ಪುರಸಭೆಯ ಸಹಾಯಧನದಲ್ಲಿ ಹೆಂಗಸರು ಕೊಂಡ ಗ್ರೈಂಡರು, ಮಿಷಿನ್ನುಗಳ ಮೋಟಾರಿನ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಕೈಯಿಟ್ಟು ನೋಡುತ್ತಿದ್ದರು. "ಬೆಚ್ಚಗಿರಬೇಕಮ್ಮ" ಎನ್ನುವುದು ಅವರ ಮಾತು.

ನಮ್ಮಮ್ಮನಿಗೂ ಖಾರದ ಪುಡಿ ಮಾಡುವ ಮಿಷಿನ್ನು ಸಿಕ್ಕಿತ್ತು. ಸರ್ಕಾರದ ವಸ್ತು, ಗೀರು ಬಿದ್ದರೆ ವಾಪಸು ಒಯ್ದಾರೆಂದು ಹೆದರಿದ ಅಮ್ಮ ಅದಕ್ಕೆ ಕುಂಕುಮ ಇಟ್ಟು, ಹಳೆ ಸೀರೆ ಹೊದಿಸಿ, ಅದರ ಪಕ್ಕದಲ್ಲೇ ಕೂತು ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.

ಸಾಹೇಬರು ಬಂದ ದಿನ ಸೀರೆ ಸರಿಸಿ, "ಒಂದು ಗೀರೂ ಬಿದ್ದಿಲ್ಲ ನೋಡಿ ಸಾರ್" ಎಂದು ಹೆಮ್ಮೆಯಿಂದ ತೋರಿಸಿದಳು.

ಅವರು ಮೋಟಾರು ಮುಟ್ಟಿದರು. "ತಣ್ಣಗಿದೆಯಲ್ಲಮ್ಮ."

ಬೈಯಲಿಲ್ಲ. ಒರಳಲ್ಲಿದ್ದುದನ್ನು ತಾವೇ ಬಾಚಿ ಮಿಷಿನ್ನಿಗೆ ಸುರಿದು ಸ್ವಿಚ್ಚು ಒತ್ತಿದರು. ಮುಚ್ಚಳ ಹಾಕಬೇಕೆಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ. ಮನೆ ತುಂಬ ಘಾಟೆದ್ದು ಸಾಹೇಬರು, ಅಮ್ಮ, ನಾನು ಮೂವರೂ ಸೀನುತ್ತಾ ಬೀದಿಗೆ ಓಡಿದೆವು. ಅಕ್ಕಪಕ್ಕದವರೆಲ್ಲ ಸೇರಿದರು. ಸಾಹೇಬರು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ, "ಈಗ ಬೆಚ್ಚಗಾಗಿರ್ತದೆ ಬಿಡಮ್ಮ" ಎಂದರು. ಅವತ್ತು ಸಂಜೆಯೇ ಎದುರು ಮನೆಯವರು ಪುಡಿ ಮಾಡಿಸಲು ಮೆಣಸಿನಕಾಯಿ ತಂದರು.

ನಮ್ಮನ್ನೆಲ್ಲ ಓದಿಸಿದ್ದು ಆ ಮಿಷಿನ್ನೇ. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಮತ್ತೆ ಕಾಣಲಿಲ್ಲ. ಮೊನ್ನೆ ಊರಿಗೆ ಹೋದಾಗ, ಮಿಷಿನ್ನಿನ ಬಣ್ಣವೆಲ್ಲ ಹೋಗಿದೆ, ಹೊಸದಾಗಿ ಹೊಡೆಸೋಣವೆಂದೆ. ಅಮ್ಮ ಒಪ್ಪಲಿಲ್ಲ.

"ಬೇಡ ಕಣೋ. ಸಾರ್ ಬಂದ್ರೆ ಗೀರು ತೋರಿಸ್ಬೇಕು."