ಸಂಡೂರು ತಿರುವಿನಲ್ಲಿ ಮೂರು ಸಲ ಬ್ರೇಕು

ಬ್ಯಾಂಕಿನಲ್ಲಿ ಆಫೀಸರಾಗಿ ನಾಲ್ಕನೇ ವರ್ಷಕ್ಕೆ ನನಗೆ ಕಾರಿನ ಹುಚ್ಚು ಹಿಡಿಯಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಲಿ ಶಾಖೆಯಿಂದ ಹೊಸಪೇಟೆಗೆ ವರ್ಗವಾಗಿ ಬಂದಿದ್ದೆ. ಕಾಲುವೆ ನೀರಲ್ಲಿ ಭತ್ತ, ಕಬ್ಬು ಬೆಳೆದವರ ಟ್ರ್ಯಾಕ್ಟರ್ ಅರ್ಜಿಗಳಿಗೆ ದಿನವಿಡೀ ಸಹಿ ಹಾಕಿ, ಸಂಜೆ ಆಟೋ ಕಾಯುತ್ತಾ ಬೀದಿಯಲ್ಲಿ ನಿಲ್ಲುತ್ತಿದ್ದೆ. ನಮ್ಮ ಕೇರಿಯಲ್ಲಿ ಕಾರು ಕೊಳ್ಳುವ ಮಾತಾಡಿದವಳು ನಾನೇ ಮೊದಲು.

ಅಪ್ಪ ಇಪ್ಪತ್ತಾರು ವರ್ಷ ಯಶವಂತನಗರದಿಂದ ಹೊಸಪೇಟೆಗೆ ಅದಿರು ಲಾರಿ ಓಡಿಸಿ ಅದೇ ವರ್ಷ ಮನೆಗೆ ಕೂತಿದ್ದರು. ಸ್ಟೀರಿಂಗ್ ಹಿಡಿಯುವುದನ್ನು ನನಗೆ ಕಲಿಸಿದವರೂ ಅವರೇ. ಅಮ್ಮನ ಪ್ರಕಾರ ಕಾರು ಅಂದರೆ ಅಂಬಾಸಿಡರ್. ಐದು ಜನ ಕೂರಬೇಕು, ಹಿಂದೆ ಅಕ್ಕಿ ಚೀಲ ಹಿಡಿಸಬೇಕು.

ನನ್ನ ಕಣ್ಣು ಬಿದ್ದಿದ್ದೇ ಬೇರೆಯದರ ಮೇಲೆ. ಸ್ಟೇಷನ್ ರಸ್ತೆಯ ಗ್ಯಾರೇಜೊಂದರಲ್ಲಿ ಕಡು ಹಸಿರಿನ, ಎರಡೇ ಸೀಟಿನ ವಿಲಾಯಿತಿ ಕಾರು ನಿಂತಿತ್ತು. ಉದ್ದ ಮೂತಿ, ತಂತಿ ಕಡ್ಡಿಯ ಚಕ್ರಗಳು, ಮಡಚಿಡುವ ಕ್ಯಾನ್ವಾಸ್ ಚಾವಣಿ. ಅದಿರು ಸಾಗಿಸುವ ಗುತ್ತಿಗೆದಾರರೊಬ್ಬರು ಎಷ್ಟೋ ವರ್ಷದ ಹಿಂದೆ, ದೇಶ ಬಿಟ್ಟು ಹೊರಟಿದ್ದ ಬಿಳಿಯನೊಬ್ಬನಿಂದ ಮದ್ರಾಸಿನಲ್ಲಿ ಕೊಂಡಿದ್ದರಂತೆ. ಈಗ ಮಾರಾಟಕ್ಕಿತ್ತು.

ನಾನು ಮೂರು ಸಂಜೆ ಆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಎರಡು ಕಾರ್ಬುರೇಟರ್ ತೋರಿಸಿದ. "ತಿರುವಿನ್ಯಾಗ ರಸ್ತಿಗೆ ಅಂಟಿಕೊಂಡು ಹೋಗತೈತ್ರಿ ಮೇಡಂ. ಒಂದು ಬೆರಳಿನ್ಯಾಗ ಸ್ಟೇರಿಂಗ್ ತಿರುಗತೈತಿ" ಅಂದ. ಕಟ್ಟಿಗೆಯ ಸ್ಟೀರಿಂಗು, ಹೊಸ ಕ್ಯಾನ್ವಾಸು, ಒಂದು ಹೆಚ್ಚಿನ ಚಕ್ರ ಎಲ್ಲ ಕಾರಿನ ಜೊತೆಗೇ ಬರುತ್ತಿದ್ದವು. ಬೆಲೆ ಹೊಸ ಅಂಬಾಸಿಡರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಪೆಟ್ರೋಲು ಕುಡಿಯುತ್ತಿತ್ತು, ಬಿಡಿಭಾಗ ಬೇಕಾದರೆ ಮದ್ರಾಸಿಗೆ ಬರೆಯಬೇಕಿತ್ತು, ನಮ್ಮ ರಸ್ತೆಯ ಉಬ್ಬುಗಳಿಗೆ ಅದರ ಹೊಟ್ಟೆ ತಾಗುವುದು ಖಂಡಿತ. ಇದೆಲ್ಲ ಗೊತ್ತಿದ್ದೂ ಮನಸ್ಸು ಅಲ್ಲೇ ಕೂತುಬಿಟ್ಟಿತ್ತು.

ಊಟದ ಹೊತ್ತಿಗೆ ವಿಷಯ ತೆಗೆದೆ. "ಎರಡು ಸೀಟಂದ್ರ ನಾನೆಲ್ಲಿ ಕುಂದ್ರಬೇಕು, ಡಿಕ್ಕ್ಯಾಗೇನು?" ಅಂದರು ಅಮ್ಮ. ಅಪ್ಪನೂ ನಗುತ್ತಾರೆ ಅಂದುಕೊಂಡಿದ್ದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು.

"ಹಸಿರು ಗಾಡಿ ಏನು? ಯಾರದು?"

ಮಾಲೀಕರ ಹೆಸರು ಹೇಳಿದೆ. ಅಪ್ಪ ತುತ್ತನ್ನು ತಟ್ಟೆಗೆ ಹಾಕಿ ಎದ್ದು ಕೈ ತೊಳೆದುಕೊಂಡರು. "ಐತವಾರ ಲೋಡಿಂಗ್ ಇರಂಗಿಲ್ಲ, ರಸ್ತಿ ಖಾಲಿ ಇರತೈತಿ. ಓಡ್ಸಿ ನೋಡೂಣು" ಅಂದರು. ಜೀವಮಾನದಲ್ಲಿ ಒಂದು ಪೈಸೆ ಶೋಕಿಗೆ ಖರ್ಚು ಮಾಡದ ಮನುಷ್ಯ ಹೀಗಂದದ್ದು ಕೇಳಿ ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು.

ಭಾನುವಾರ ಬೆಳಿಗ್ಗೆ ಗುತ್ತಿಗೆದಾರರ ಮನೆಗೆ ಹೋದೆವು. ಕಾರನ್ನು ಅಂಗಳಕ್ಕೆ ತರಿಸಿಟ್ಟಿದ್ದರು. ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿದ್ದರು. ನಾವು ಮೆಟ್ಟಿಲ ಕೆಳಗೆ ನಿಂತಿದ್ದೆವು. ಅಪ್ಪನನ್ನು ಅವರು ಗುರುತು ಹಿಡಿಯಲಿಲ್ಲ. ಗುರುತಿಸಲು ಕಾರಣವಿದೆ ಎಂಬುದು ನನಗೂ ಗೊತ್ತಿರಲಿಲ್ಲ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಇದರ ಬ್ರೇಕು ಯಾವತ್ತಾರ ಕೈ ಕೊಟ್ಟಿತ್ತೇನ್ರಿ?"

"ಒಂದಿನಾನೂ ಇಲ್ಲ. ತಂದಾಗ ಹೆಂಗಿತ್ತೋ ಹಂಗ ಐತಿ" ಅಂದರು ಅವರು, ಹೆಮ್ಮೆಯಿಂದಲೇ.

ಸಂಡೂರಿನ ಕಡೆ ಹೊರಟೆವು. ಅಪ್ಪ ಓಡಿಸುತ್ತಿದ್ದರು. ಲಾರಿಯಲ್ಲಿ ಅವರ ಜೊತೆ ಎಷ್ಟೋ ಸಲ ಕೂತಿದ್ದವಳು ನಾನು. ಘಾಟಿಯಲ್ಲಿ ಎತ್ತಿನ ಬಂಡಿಯ ಹಿಂದೆಯೂ ತಾಳ್ಮೆಯಿಂದ ಹೋಗುವವರು ಅವರು. ಅವತ್ತು ಊರು ದಾಟಿದ್ದೇ ತಡ, ಕಾರು ಮುಂದಕ್ಕೆ ಚಿಮ್ಮಿ ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು. ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ತಿರುವುಗಳಲ್ಲಿ ಕಾರು ಒಂದಿಷ್ಟೂ ವಾಲಲಿಲ್ಲ. ಮೆಕ್ಯಾನಿಕ್ ಹೇಳಿದ್ದು ನಿಜ, ರಸ್ತೆಗೆ ಅಂಟಿಕೊಂಡೇ ಹೋಯಿತು. ಹೆದರಿಕೆಯಿಂದ ನಾನು ಬಾಗಿಲ ಅಂಚು ಹಿಡಿದಿದ್ದೆ. ಅಪ್ಪನ ಮುಖದಲ್ಲಿ ಸಂತೋಷದ ಗೆರೆಯೊಂದೂ ಇರಲಿಲ್ಲ.

ಘಾಟಿಯ ಒಂದು ತಿರುವು ದಾಟಿ ಅವರು ನಿಲ್ಲಿಸಿದರು. ಇಳಿದು ರಸ್ತೆಯನ್ನು ಎರಡು ಬದಿಯಿಂದಲೂ ನೋಡಿ, ಒಂದು ಜಾಗಕ್ಕೆ ಬಂದು ಕಲ್ಲೊಂದನ್ನು ಇಟ್ಟರು. "ನೀನು ಆ ಬಂಡೆಗಲ್ಲಿನ ಮ್ಯಾಲ ಹತ್ತಿ ನಿಂದ್ರು. ಕೆಳಗ ಇಳೀಬ್ಯಾಡ" ಅಂದರು. ಕಾರು ತಿರುಗಿಸಿಕೊಂಡು ಹಿಂದಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ತಿರುವಿನ ಆಚೆಯಿಂದ ಎಂಜಿನ್ನಿನ ಸದ್ದು ಏರುತ್ತಾ ಬಂತು. ಹಸಿರು ಮೂತಿ ಕಂಡಿತು. ಕಲ್ಲು ಕಂಡ ಕೂಡಲೇ ಅಪ್ಪ ಬ್ರೇಕು ತುಳಿದರು. ಟಯರುಗಳು ಕಿರುಚಿದವು. ಕಲ್ಲು ಇನ್ನೂ ಎಷ್ಟೋ ದೂರ ಇರುವಾಗಲೇ ಕಾರು ನಿಂತುಬಿಟ್ಟಿತು. ಅಪ್ಪ ಮತ್ತೆ ಹಿಂದಕ್ಕೆ ಹೋದರು. ಎರಡನೇ ಸಲ ಇನ್ನೂ ಜೋರಾಗಿ ಬಂದರು. ಮೂರನೇ ಸಲ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು, ಆದರೂ ಕಲ್ಲು ಮುಟ್ಟಲಿಲ್ಲ. ಡಾಂಬರಿನ ಮೇಲೆ ಕಪ್ಪು ಗೆರೆಗಳು, ಗಾಳಿಯಲ್ಲಿ ಸುಟ್ಟ ರಬ್ಬರಿನ ವಾಸನೆ. ಅಪ್ಪನಿಗೆ ತಲೆ ಕೆಟ್ಟಿದೆ ಎಂದೇ ನಾನು ಬಂಡೆಯಿಂದ ಜಾರಿ ಓಡಿದೆ.

ಅವರು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಸದ್ದು ಕೇಳ್ತೇನವ್ವ?"

"ಇಡೀ ಗುಡ್ಡಕ್ಕ ಕೇಳಿರತೈತಿ, ಅಪ್ಪ."

"ಅವತ್ತು ನನಗ ಕೇಳಲಿಲ್ಲ" ಅಂದರು. "ನಿಮ್ಮ ಚಿಕ್ಕಪ್ಪ ಸತ್ತದ್ದು ಇಲ್ಲೇ. ಇದೇ ಗಾಡಿ."

ಚಿಕ್ಕಪ್ಪ ಅಪ್ಪನ ಲಾರಿಯಲ್ಲೇ ಕ್ಲೀನರ್ ಆಗಿದ್ದರು. ಅವರು ಹೋದಾಗ ನಾನು ಹತ್ತು ವರ್ಷದವಳು, ಬಳ್ಳಾರಿಯ ಹಾಸ್ಟೆಲಿನಲ್ಲಿದ್ದೆ. ಕುಡಿದು ಗಾಡಿಗೆ ಅಡ್ಡ ಬಂದು ಸತ್ತ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಮನೆಯಲ್ಲಿ ಅವರ ಮಾತು ಬಂದಾಗ ನನಗೆ ನಾಚಿಕೆಯಾಗುತ್ತಿತ್ತು. ಉಳಿದದ್ದನ್ನು ಅಪ್ಪ ಅಲ್ಲಿ ಕೂತೇ ಹೇಳಿದರು. ಆ ಮಧ್ಯಾಹ್ನ ಲಾರಿ ಪಂಕ್ಚರ್ ಆಗಿತ್ತು. ಅಪ್ಪ ಮುಂದಿನ ಚಕ್ರ ಬಿಚ್ಚುತ್ತಿದ್ದರು. ಹಿಂದೆ ಬರುವವರಿಗೆ ಗೊತ್ತಾಗಲೆಂದು ಚಿಕ್ಕಪ್ಪ ರಸ್ತೆಯಲ್ಲಿ ಕಲ್ಲಿಡಲು ಹೋಗಿದ್ದರು. ಒಂದು ಹೊಡೆತದ ಸದ್ದು, ಅಷ್ಟೇ. ಬ್ರೇಕು ಹಿಡಿದೆ, ಕುಡಿದವನು ತೂರಾಡುತ್ತಾ ಅಡ್ಡ ಬಿದ್ದ ಎಂದು ಕಾರಿನವರು ಹೇಳಿದರು. ಪೊಲೀಸರು ಹಾಗೇ ಬರೆದುಕೊಂಡರು.

"ಬ್ರೇಕಿನ ಸದ್ದ ಬರಲಿಲ್ಲಲ್ಲ ಅಂತ ಒಬ್ಬ ಪೊಲೀಸ್ ಸಾಹೇಬಗ ಕೇಳಿದೆ. ವಿಲಾಯಿತಿ ಗಾಡಿ ಬ್ರೇಕು ಸದ್ದು ಮಾಡಂಗಿಲ್ಲ ಅಂದ. ನಾನು ಲಾರಿಯಂವ, ನನಗೇನು ಗೊತ್ತು? ಲೋಡಿಂಗ್ ಹೊತ್ತಿನ್ಯಾಗ ತಮ್ಮ ಅರ್ಧ ತಾಸು ಕಂಡಿದ್ದಿಲ್ಲ. ಕುಡದಾನೇನೋ ಅಂತ ನಾನೂ ಅಂದ್ಕೊಂಡೆ. ಅಂದ್ಕೊಂಡು ಸುಮ್ಮನಾದೆ."

ನಾನು ಮೂರು ಸಂಜೆ ಕೈಯಾಡಿಸಿ ನೋಡಿದ್ದ ಬಾನೆಟ್ಟು ಕಣ್ಣೆದುರೇ ಇತ್ತು. ವಾಪಸು ಬರುವಾಗ ಅದರ ಸೀಟಿನಲ್ಲಿ ಕೂರಲು ನನ್ನ ಮೈ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಕೂತೆ.

ಗುತ್ತಿಗೆದಾರರು ಕುರ್ಚಿಯಲ್ಲೇ ಇದ್ದರು. "ಹೆಂಗೈತಿ ಗಾಡಿ?" ಅಂದರು.

ಅಪ್ಪ ಮೆಟ್ಟಿಲು ಹತ್ತಿ ಕೀಲಿಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟರು. "ಬ್ರೇಕು ಭಾಳ ಚಲೋ ಐತ್ರಿ. ಹಿಡಿದ್ರ ನಿಂದರತೈತಿ, ಒದರತೈತಿ. ಘಾಟಿ ತಿರುವಿನ್ಯಾಗ ಮೂರು ಸಲ ಹಿಡಿದು ನೋಡೀನಿ. ಅಲ್ಲಿ ಸತ್ತಾಂವ ನನ್ನ ತಮ್ಮ."

ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ "ಕುಂದ್ರಿ" ಅಂದರು. ನಾವು ಕೂರಲಿಲ್ಲ.

"ನಾನು ನೋಡಲೇ ಇಲ್ಲ" ಅಂದರು ಕೊನೆಗೆ. "ಪಕ್ಕದಾಗ ಕುಂತಾಂವನ ಕೂಡ ಮಾತಾಡಾಕ ಹತ್ತಿದ್ದೆ."

"ಕುಡದಿದ್ನೇನ್ರಿ ಅಂವ?"

"ನನಗ್ಹೆಂಗ ಗೊತ್ತು. ಹಂಗ ಬರಸ್ರಿ ಅಂತ ಪೊಲೀಸರಂದ್ರು, ಬರಸಿದೆ." ಕೀಲಿಯನ್ನು ಅಪ್ಪನ ಕಡೆಗೆ ಸರಿಸಿದರು. "ಗಾಡಿ ತಗೊಂಡ ಹೋಗ್ರಿ. ರೊಕ್ಕ ಏನೂ ಬ್ಯಾಡ."

ಆ ಮಾತು ಕೇಳಿ ನನಗಾದ ಆಘಾತ ತಿರುವಿನಲ್ಲಿ ಆದದ್ದಕ್ಕಿಂತ ದೊಡ್ಡದು. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು ಎಂಬುದು ಇನ್ನೂ ಭಯಂಕರ. ಅಪ್ಪ ಬೆವರಿದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಮೆಟ್ಟಿಲಿಳಿದರು. ನಾನು ಅವರ ಹಿಂದೆ ಬಂದೆ.

ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ ಬುಕ್ಕಸಾಗರಕ್ಕೆ ಹೋದೆವು. ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ, ಅಲ್ಲಿ ತವರುಮನೆಯಲ್ಲಿದ್ದರು, ಕೂಲಿಗೆ ನಾಟಿ ಮಾಡುತ್ತಿದ್ದರು. ನಾವು ಹೋದಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ಕಟ್ಟು ಕಟ್ಟುತ್ತಿದ್ದರು. ಅಪ್ಪ ಬದುವಿನ ಮೇಲೆ ನಿಂತು ಎಲ್ಲ ಹೇಳಿದರು. ಚಿಕ್ಕಮ್ಮ ಕೈಯ ಕಟ್ಟನ್ನು ಮುಗಿಸಿದರು, ನೀರಿನಲ್ಲಿ ಜಾಲಾಡಿಸಿ ಪಕ್ಕಕ್ಕಿಟ್ಟರು.

"ಆ ಅರ್ಧ ತಾಸು ನನ್ನ ಹಂತ್ಯಾಕ ಬಂದಿದ್ರು, ಬಾವ" ಅಂದರು. "ನಾನು ಅಲ್ಲೇ ಅದಿರು ಗಣಿಯಾಗ ಕಲ್ಲು ಒಡ್ಯಾಕ ಹೋಗ್ತಿದ್ನೆಲ್ಲ. ಬುತ್ತಿ ಬಿಚ್ಚಿ ಇಬ್ರೂ ರೊಟ್ಟಿ ತಿಂದ್ವಿ. ಕುಡದಿಲ್ಲ ಅಂತ ಅವತ್ತ ಹೇಳಿದೆ. ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ."

ಅಪ್ಪ ಬದುವಿನ ಮೇಲೆಯೇ ಕುಸಿದು ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಿಕ್ಕಮ್ಮ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅವರ ಅಳು ಮುಗಿಯುವವರೆಗೂ ಕೆಸರಿನಲ್ಲೇ ನಿಂತು ಕಾದು, ಆಮೇಲೆ ಹೇಳಿದರು.

"ನನಗ ಹೇಳಿದ್ರಿ, ಆತು. ಇದನ್ನ ನಿಮ್ಮ ಓಣ್ಯಾಗ ಹೇಳ್ರಿ. ಕುಡುಕ ಅಂದಿದ್ದು ಅಲ್ಲಿ ಮಂದಿ."

ಮುಂದಿನ ಭಾನುವಾರ ಅಪ್ಪ ನಮ್ಮ ಕೇರಿಯ ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ ಮಾತಾಡಿ ರೂಢಿಯಿಲ್ಲದವರು, ಹೆಸರು ಹಿಡಿದು ಎಲ್ಲವನ್ನೂ ಹೇಳಿದರು. ತಾನು ಸುಮ್ಮನಿದ್ದದ್ದನ್ನೂ ಬಿಡಲಿಲ್ಲ. ಚಿಕ್ಕಮ್ಮ ಬಂದು ಹೆಂಗಸರ ನಡುವೆ ಕೂತಿದ್ದರು. ಒಬ್ಬ ಮುದುಕ ಎದ್ದು, ಆ ಮಾತು ತಾನೂ ಆಡಿದ್ದೆ, ತಪ್ಪಾಯಿತು ಅಂದ.

ಆ ಕಾರನ್ನು ಆಮೇಲೆ ಬೆಂಗಳೂರಿನವರು ಯಾರೋ ಒಯ್ದರಂತೆ. ಅದಕ್ಕೆಂದು ಬ್ಯಾಂಕಿನಲ್ಲಿ ಬರೆದಿಟ್ಟಿದ್ದ ಸಾಲದ ಅರ್ಜಿಯನ್ನು ನಾನು ಹರಿದು ಹಾಕಿದ್ದೆ. ಕಾರು ಕೊಂಡದ್ದು ಅದಾಗಿ ಏಳು ವರ್ಷದ ಮೇಲೆ, ನಾಲ್ಕು ಬಾಗಿಲಿನ ಸಾಧಾರಣ ಗಾಡಿ. ಚಿಕ್ಕಮ್ಮ ಆ ಹೊತ್ತಿಗೆ ನಮ್ಮ ಜೊತೆಗೇ ಇದ್ದರು. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತು, ಕಿಟಕಿಯ ಗಾಜು ಇಳಿಸುವುದು ಹೇಗೆಂದು ಕೇಳಿದರು.